ಮುಯ್ಯಾಳಿನ ಲೆಕ್ಕದಲ್ಲಿ ಒಂದು ಗ್ರಂಥಾಲಯ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಶಾಲೆಯ ಗ್ರಂಥಾಲಯಕ್ಕೆಂದು ಹಣ ಕೂಡಿಸಿದೆ. ಖರ್ಚಿನ ಪಟ್ಟಿಯನ್ನು ನನಗೂ ಕಳಿಸಿಕೊಟ್ಟಿದ್ದರು. ಕಂಪ್ಯೂಟರು, ಯುಪಿಎಸ್ಸು, ಬಾರ್‌ಕೋಡ್ ಓದುವ ಯಂತ್ರ, ಮೇಜು ಕುರ್ಚಿ, ಇವೆಲ್ಲ ಸರಿ. ಕೊನೆಯ ಸಾಲಿನಲ್ಲಿ "ಗ್ರಂಥಾಲಯ ತಂತ್ರಾಂಶ ಮತ್ತು ವಾರ್ಷಿಕ ನಿರ್ವಹಣೆ" ಎಂದಿದೆ. ಆ ಒಂದು ಸಾಲನ್ನು ಹೊಡೆದುಹಾಕಿ ಎಂದು ನಿಮ್ಮನ್ನು ಕೇಳಿಕೊಳ್ಳುವುದಕ್ಕೆ ನಾನು ಇಲ್ಲಿ ನಿಂತಿದ್ದೇನೆ. ಆ ಹಣದಲ್ಲಿ ಪುಸ್ತಕ ಕೊಳ್ಳಿ. ತಂತ್ರಾಂಶ ಬೇಡ ಎಂದಲ್ಲ, ಅದು ಬೇರೆ ದಾರಿಯಲ್ಲಿ ಬರಲಿ ಎಂದು. ಆ ದಾರಿಗೆ ಹಣಕ್ಕಿಂತ ಆಳು ಹೆಚ್ಚು ಬೇಕು. ಅದನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೋಸ ಆಯಿತು ಎನ್ನಬಾರದು.

ನಾನು ಓದಿದ್ದು ಇದೇ ಶಾಲೆಯಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ಈಗ ಪದವಿ ಕಾಲೇಜೊಂದರಲ್ಲಿ ಗ್ರಂಥಪಾಲಕ ವೃತ್ತಿಯಲ್ಲಿದ್ದೇನೆ. ನಾನು ಕೆಲಸಕ್ಕೆ ಸೇರಿದಾಗ ಆ ಕಾಲೇಜಿನಲ್ಲಿ ಕೊಂಡು ತಂದ ತಂತ್ರಾಂಶವೊಂದಿತ್ತು. ಯಾವ ಕಂಪನಿಯದ್ದು ಎಂದು ಹೇಳುವುದು ಬೇಡ. ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ವರ್ಷ ವರ್ಷ ನಿರ್ವಹಣೆಯ ಹಣ ಕಟ್ಟುತ್ತಿದ್ದೆವು. ಒಂದು ಮಳೆಗಾಲದಲ್ಲಿ ಸಿಡಿಲಿಗೆ ಕಂಪ್ಯೂಟರು ಸುಟ್ಟಿತು. ಹೊಸ ಯಂತ್ರಕ್ಕೆ ಹಾಕಿದರೆ ತಂತ್ರಾಂಶ ಹೊಸ ಪರವಾನಗಿ ಸಂಖ್ಯೆ ಕೇಳಿತು. ಫೋನು ಮಾಡಿದರೆ ಎತ್ತುವವರಿಲ್ಲ, ಕಾಗದ ಬರೆದರೆ ಹಿಂದಕ್ಕೆ ಬಂತು. ನಮ್ಮ ಪುಸ್ತಕಗಳ ಪಟ್ಟಿ ಬ್ಯಾಕಪ್ ಡಿಸ್ಕಿನಲ್ಲಿ ಇತ್ತು, ಆದರೆ ಬೇರೆ ಯಾವ ತಂತ್ರಾಂಶವೂ ಅದನ್ನು ಓದಲಾರದು. ಮನೆ ನಮ್ಮದೇ, ಬೀಗದ ಕೀಲಿ ಮಾತ್ರ ಇನ್ನೊಬ್ಬರ ಹತ್ತಿರ. ಎರಡು ರಜೆಗಳಲ್ಲಿ ಕೂತು ಅಕ್ಸೆಷನ್ ರಿಜಿಸ್ಟರ್ ನೋಡಿಕೊಂಡು ಮತ್ತೆ ಮೊದಲಿನಿಂದ ಟೈಪ್ ಮಾಡಿದೆವು. ಅದಾದ ಮೇಲೆ ನಾವು ಕೊಹಾ ಎಂಬ ಮುಕ್ತ ತಂತ್ರಾಂಶಕ್ಕೆ ಹೋದೆವು.

ಈ ಕೊಹಾ ಹುಟ್ಟಿದ್ದು ನ್ಯೂಜಿಲೆಂಡಿನ ಲೆವಿನ್ ಎಂಬ ಸಣ್ಣ ಪಟ್ಟಣದಲ್ಲಿ. ಅಲ್ಲಿನ ಸಾರ್ವಜನಿಕ ಗ್ರಂಥಾಲಯವನ್ನು ಆಗ ನಡೆಸುತ್ತಿದ್ದದ್ದು ಹೊರೊವೆನುವಾ ಲೈಬ್ರರಿ ಟ್ರಸ್ಟ್. 1999ರಲ್ಲಿ ಅವರಿಗೊಂದು ಕಷ್ಟ ಬಂತು. ವರ್ಷ 2000ಕ್ಕೆ ತಿರುಗಿದಾಗ ಹಳೆಯ ಕಂಪ್ಯೂಟರ್ ವ್ಯವಸ್ಥೆಗಳು ತಾರೀಖು ಗೊತ್ತಾಗದೆ ನಿಲ್ಲುತ್ತವೆ ಎಂಬ ಗಾಬರಿ ಆಗ ಜಗತ್ತಿಗೆಲ್ಲ ಇತ್ತಲ್ಲ, ಅವರ ವ್ಯವಸ್ಥೆಯೂ ಅಂಥದ್ದೇ. ಹೊಸದನ್ನು ಕೊಳ್ಳೋಣವೆಂದರೆ ಸಣ್ಣ ಊರಿನ ಗ್ರಂಥಾಲಯಕ್ಕೆ ಬೆಲೆ ಕೈಗೆಟುಕುವಂತಿರಲಿಲ್ಲ. ಕಟಿಪೊ ಎಂಬ ಚಿಕ್ಕ ಸಂಸ್ಥೆಯನ್ನು ಕರೆದು, ನಮಗೆ ಬೇಕಾದಂಥದ್ದನ್ನು ನೀವೇ ಬರೆದುಕೊಡಿ ಎಂದರು. 2000ದ ಜನವರಿಯಲ್ಲಿ ಅದು ಕೆಲಸ ಶುರುಮಾಡಿತು. ಆಮೇಲೆ ಅವರು ಮಾಡಿದ್ದು ದೊಡ್ಡ ಕೆಲಸ. ತಾವು ಹಣ ಕೊಟ್ಟು ಬರೆಸಿದ್ದನ್ನು ಬೀಗ ಹಾಕಿ ಇಟ್ಟುಕೊಳ್ಳದೆ, ಅದೇ ವರ್ಷ ಜಗತ್ತಿಗೆ ಬಿಟ್ಟುಕೊಟ್ಟರು. ಯಾರು ಬೇಕಾದರೂ ಬಳಸಬಹುದು, ಒಳಗಿನ ಬರಹ ತೆರೆದು ನೋಡಬಹುದು, ತಮಗೆ ಬೇಕಾದಂತೆ ತಿದ್ದಬಹುದು. ತಿದ್ದಿದ್ದನ್ನು ಬೇರೆಯವರಿಗೆ ಕೊಡುವುದಾದರೆ ಅದೇ ಷರತ್ತಿನ ಮೇಲೆ ಕೊಡಬೇಕು.

ಕೊಹಾ ಎಂಬುದು ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಮಾತು. ಉಡುಗೊರೆ ಎಂದು ಅರ್ಥ ಹೇಳುತ್ತಾರೆ. ಬರೀ ಉಡುಗೊರೆಯಲ್ಲ. ಕೂಟಕ್ಕೆ ಬಂದವರು ತರುವ ಕಾಣಿಕೆ, ಮುಂದೊಂದು ದಿನ ತಿರುಗಿ ಸಲ್ಲಿಸಬೇಕಾದದ್ದು ಎಂಬ ಭಾವ ಅದರೊಳಗಿದೆ. ನನಗೆ ಇದು ಗೊತ್ತಾದ ದಿನ ನಗು ಬಂತು. ನಮ್ಮ ಊರಿನಲ್ಲಿ ಇದಕ್ಕೆ ನಿಘಂಟು ಬೇಕಿಲ್ಲ. ಮುಯ್ಯಿ! ಮದುವೆಯಲ್ಲಿ ಮುಯ್ಯಿ ಬರೆಯುವ ಪುಸ್ತಕವನ್ನು ನಮ್ಮ ಅಜ್ಜಿಯರು ಆಸ್ತಿಪತ್ರದಂತೆ ಟ್ರಂಕಿನಲ್ಲಿ ಇಡುತ್ತಿದ್ದರು. ನಾಟಿಯ ಕಾಲಕ್ಕೆ ಮುಯ್ಯಾಳು ಹೋಗುತ್ತಿದ್ದರು. ಇವತ್ತು ಹತ್ತು ಮನೆಯವರು ನಮ್ಮ ಗದ್ದೆಗೆ, ನಾಳೆ ನಾವು ಅವರ ಗದ್ದೆಗೆ. ಕೂಲಿಯಿಲ್ಲ, ಊಟ ಉಂಟು. ಹಣವಿಲ್ಲದವನ ಗದ್ದೆಯೂ ಹದ ತಪ್ಪದೆ ನಾಟಿಯಾಗುತ್ತಿತ್ತು. ಆದರೆ ಮುಯ್ಯಾಳು ಕರೆಸಿಕೊಂಡು ತಾನು ಮಾತ್ರ ತಿರುಗಿ ಹೋಗದವನಿಗೆ ಮರುವರ್ಷ ಯಾರೂ ಬರುತ್ತಿರಲಿಲ್ಲ. ಮುಂದೆ ಕೂತಿರುವ ಹಿರಿಯರು ತಲೆಯಾಡಿಸುತ್ತಿದ್ದಾರೆ, ಅವರಿಗೆ ನಾನು ಹೇಳುವುದೇ ಬೇಕಿಲ್ಲ.

ಲೆವಿನ್ನಿನಿಂದ ಹೊರಟದ್ದು ಹೇಗೆ ಬೆಳೆಯಿತು ನೋಡಿ. ಅಮೆರಿಕದ ಒಹಾಯೊ ರಾಜ್ಯದ ನೆಲ್ಸನ್‌ವಿಲ್ ಎಂಬ ಊರಿನ ಗ್ರಂಥಾಲಯಕ್ಕೆ ಇದು ಬೇಕಾಯಿತು, ಆದರೆ ಪುಸ್ತಕದ ವಿವರ ಬರೆಯಲು ಜಗತ್ತಿನ ಗ್ರಂಥಾಲಯಗಳು ಬಳಸುವ ಮಾರ್ಕ್ ಎಂಬ ನಮೂನೆ ಆಗ ಇದರಲ್ಲಿ ಇರಲಿಲ್ಲ. ಅವರು ಹಣ ಕೊಟ್ಟರು, ಫ್ರಾನ್ಸಿನ ಪ್ರೋಗ್ರಾಮರ್ ಒಬ್ಬರು ಬರೆದುಕೊಟ್ಟರು, ಫಲ ಮಾತ್ರ ಎಲ್ಲರಿಗೂ ಸಿಕ್ಕಿತು. ಇವತ್ತು ನನ್ನ ಕಾಲೇಜಿನಲ್ಲಿ ನಾನು ಅದೇ ನಮೂನೆ ತುಂಬುತ್ತೇನೆ. ನಡುವೆ ಒಂದು ಜಗಳವೂ ಆಯಿತು. ಅಮೆರಿಕದ ಕಂಪನಿಯೊಂದು ನ್ಯೂಜಿಲೆಂಡಿನಲ್ಲಿ ಕೊಹಾ ಎಂಬ ಹೆಸರನ್ನೇ ತನ್ನ ವ್ಯಾಪಾರ ಚಿಹ್ನೆ ಮಾಡಿಕೊಳ್ಳಲು ಹೊರಟಿದೆ ಎಂಬ ಸುದ್ದಿ 2011ರಲ್ಲಿ ಹೊರಬಿತ್ತು. ಲೆವಿನ್ನಿನ ಗ್ರಂಥಾಲಯದವರು ಆಕ್ಷೇಪ ಸಲ್ಲಿಸಿದರು, 2013ರ ಕೊನೆಗೆ ತೀರ್ಪು ಅವರ ಪರವಾಗಿ ಬಂತು. ಮುಯ್ಯಿ ಎಂಬ ಪದಕ್ಕೆ ಯಾರಾದರೂ ಪಟ್ಟಾ ಮಾಡಿಸಿಕೊಳ್ಳಲು ಹೊರಟಂತೆ!

ಇನ್ನು ನಮ್ಮ ಶಾಲೆಗೆ ಬರೋಣ. ಇಲ್ಲಿ ಗ್ರಂಥಪಾಲಕರ ಹುದ್ದೆ ಇಲ್ಲ. ನಾನು ಓದುವಾಗಲೂ ಕನ್ನಡ ಮೇಷ್ಟ್ರೇ ಪುಸ್ತಕ ಕೊಡುತ್ತಿದ್ದರು, ಈಗಲೂ ಹಾಗೆಯೇ. ನಾಲ್ಕು ಕಬ್ಬಿಣದ ಬೀರು. ಕಳೆದ ಬೇಸಿಗೆಯಲ್ಲಿ ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಒಂಬತ್ತನೇ ತರಗತಿಯ ಕೆಲವು ಮಕ್ಕಳನ್ನು ಜೊತೆ ಮಾಡಿಕೊಂಡು, ನನ್ನದೊಂದು ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಮತ್ತು ಕೊಹಾ ಹಾಕಿ, ಎರಡು ಬೀರುಗಳ ಪುಸ್ತಕ ಸೇರಿಸಿದೆವು. ಇದಕ್ಕೆ ಇಂಟರ್ನೆಟ್ ಸದಾ ಬೇಕೆಂದೇನಿಲ್ಲ. ಒಂದೇ ಯಂತ್ರದಲ್ಲಿ ಎಲ್ಲ ನಡೆಯುತ್ತದೆ.

ಹಾಕಿದ ತಕ್ಷಣ ಅದು ನಮ್ಮ ಶಾಲೆಯದ್ದಾಗುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆಲ್ಲ ಸೇರಿ ಸಿಕ್ಕಿರುವುದು 894.814 ಎಂಬ ಒಂದು ಮೂಲೆ. ಅಮೆರಿಕದ ಗ್ರಂಥಾಲಯಕ್ಕೆ ಅದು ಸಾಕು, ಅಲ್ಲಿ ಕನ್ನಡ ಪುಸ್ತಕ ಎಷ್ಟಿದ್ದೀತು? ನಮ್ಮ ಬೀರುಗಳಲ್ಲಿ ಇರುವುದೇ ಹೆಚ್ಚಾಗಿ ಅದು. ಎಂಟನೇ ತರಗತಿಯ ಹುಡುಗಿ ಆ ಅಂಕಿ ನೋಡಿ ಏನು ಹುಡುಕಿಯಾಳು? ಆದ್ದರಿಂದ ಸಂಗ್ರಹದ ವಿಭಾಗಗಳಿಗೆ ನಾವೇ ಹೆಸರು ಕೊಟ್ಟೆವು: ಕಥೆ, ಕಾದಂಬರಿ, ಕವನ, ನಾಟಕ, ಜೀವನಚರಿತ್ರೆ, ವಿಜ್ಞಾನ, ಮಕ್ಕಳೇ ಇಟ್ಟ ಹೆಸರಿನ "ಸಾಹಸ". ಇದಕ್ಕೆ ಪ್ರೋಗ್ರಾಮ್ ಬರೆಯುವುದು ಬೇಕಿಲ್ಲ, ವ್ಯವಸ್ಥೆಯ ಆಯ್ಕೆಗಳ ಪುಟದಲ್ಲಿ ಕನ್ನಡದಲ್ಲೇ ತುಂಬಿದರೆ ಆಯಿತು. ಗಡುವು ಮೀರಿದ ಪುಸ್ತಕಕ್ಕೆ ಹೋಗುವ ಚೀಟಿಯ ಒಕ್ಕಣೆ, ಹುಡುಕುವ ಪುಟದ ಬಣ್ಣ, ಅಲ್ಲಿ ಶಾಲೆಯ ಹೆಸರು, ಇವೂ ಹಾಗೆಯೇ. ವರ್ಷದಿಂದ ಯಾರೂ ಮುಟ್ಟದ ಪುಸ್ತಕಗಳ ಪಟ್ಟಿ ಬೇಕೆಂದರೆ, ಅಂಥ ವರದಿ ತೆಗೆಯುವ ಸಾಲುಗಳನ್ನು ಬೇರೆ ಗ್ರಂಥಾಲಯದವರು ಆಗಲೇ ಬರೆದು ಹಂಚಿದ್ದಾರೆ, ತಂದು ಅಂಟಿಸಿಕೊಳ್ಳುವುದು.

ಇಲ್ಲಿ ಬೆಂಗಳೂರಿನಿಂದ ಬಂದಿರುವ ನಮ್ಮ ಸಾಫ್ಟ್‌ವೇರ್ ಗೆಳೆಯರಿಗೆ ಒಂದು ಮಾತು. ನಿಮ್ಮ ಕೈ ತುರಿಸುತ್ತದೆ ಎಂದು ಗೊತ್ತು. ದಯವಿಟ್ಟು ಮೂಲ ಕಡತಗಳನ್ನು ತೆರೆದು ನೇರವಾಗಿ ತಿದ್ದಬೇಡಿ. ಕೊಹಾದ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ, ಮೇ ಮತ್ತು ನವೆಂಬರಿನಲ್ಲಿ ಬರುತ್ತದೆ. ನೀವು ತಿದ್ದಿದ್ದನ್ನು ಅದು ಒರೆಸಿಹಾಕುತ್ತದೆ, ಇಲ್ಲವೇ ನಿಮ್ಮ ತಿದ್ದುಪಡಿಗೆ ಹೆದರಿ ಯಾರೂ ಹೊಸದನ್ನು ಹಾಕಿಕೊಳ್ಳುವುದೇ ಇಲ್ಲ. ನೀವು ವರ್ಗವಾಗಿ ಹೈದರಾಬಾದಿಗೋ ಅಮೆರಿಕಕ್ಕೋ ಹೋಗುತ್ತೀರಿ, ಇಲ್ಲಿನ ಮೇಷ್ಟ್ರು ಒಬ್ಬರೇ ಉಳಿಯುತ್ತಾರೆ. ಆಗ ಕೀಲಿ ಕಂಪನಿಯ ಬದಲು ನಿಮ್ಮ ಜೇಬಿನಲ್ಲಿ ಇದ್ದಂತಾಯಿತು, ಅಷ್ಟೇ ವ್ಯತ್ಯಾಸ. ಎಲ್ಲರಿಗೂ ಬೇಕಾಗುವ ಬದಲಾವಣೆಯಾದರೆ ಅದನ್ನು ಅಲ್ಲಿಗೇ ಕಳಿಸಿ, ಮೂಲದಲ್ಲೇ ಸೇರಿಸಲಿ.

ಆಯ್ಕೆಗಳ ಪುಟದಲ್ಲಿ ಬಗೆಹರಿಯದ ತೊಂದರೆಯೂ ಬಂತು. ನಮ್ಮಲ್ಲಿ ಶೇಕ್ಸ್‌ಪಿಯರ್ ನಾಟಕಗಳ ಕಥೆ ಹೇಳುವ ಪುಸ್ತಕವೊಂದಿದೆ. ಮಕ್ಕಳು ಹುಡುಕಿದರೆ ಸಿಗದು. ಬೀರುವಿನಲ್ಲಿ ಕಣ್ಣೆದುರಿಗೇ ಇದೆ, ಪಟ್ಟಿಯಲ್ಲಿ ಇದೆ, ಹುಡುಕಿದರೆ ಇಲ್ಲ! ಕಾರಣ ಹೀಗಿತ್ತು. ಯೂನಿಕೋಡಿನಲ್ಲಿ "ಶೇಕ್ಸ್‌ಪಿಯರ್" ಎಂದು ಒತ್ತಕ್ಷರವಿಲ್ಲದೆ ಬಿಡಿಸಿ ಬರೆಯಬೇಕಾದರೆ ಎರಡು ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಬೇಕು. ನಾವು ಟೈಪ್ ಮಾಡುವಾಗ ಹಾಕಿದ್ದೆವು. ಫೋನಿನಲ್ಲಿ ಟೈಪ್ ಮಾಡಿ ಅಭ್ಯಾಸವಾದ ಮಕ್ಕಳು ಅದನ್ನು ಹಾಕುವುದಿಲ್ಲ, ಅವರದ್ದು "ಶೇಕ್ಸ್ಪಿಯರ್" ಎಂದು ಒತ್ತಾಗಿ ಬರುತ್ತದೆ. ನಮಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಸೂರ್ಯ, ಕಾರ್ಯ ಎಂಬಂಥ ಪದಗಳನ್ನು ಅರ್ಕಾವತ್ತು ಬಿಟ್ಟು ರಕಾರಕ್ಕೆ ಯ ಒತ್ತು ಕೊಟ್ಟು ಬರೆದರೂ ಇದೇ ಗತಿ, ಅಲ್ಲಿಯೂ ಒಂದು ಕಾಣದ ಚಿಹ್ನೆ ಕೂತಿರುತ್ತದೆ.

ಕೊಹಾ ಬಳಸುವವರು ಪರಸ್ಪರ ಕೇಳುವ, ಹೇಳುವ ಬಳಗವಿದೆ. ಅಲ್ಲಿ ಬರೆದೆ. ಹೇಗೆ ಬರೆದೆ ಎಂಬುದನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಸಹಾಯ ಸಿಗುವುದೂ ಸಿಗದಿರುವುದೂ ಬಹುಪಾಲು ಅದರ ಮೇಲೆಯೇ ನಿಂತಿದೆ. "ಕೆಲಸ ಮಾಡುತ್ತಿಲ್ಲ, ತುರ್ತು ಸಹಾಯ ಬೇಕು" ಎಂದಷ್ಟೇ ಬರೆದ ಪ್ರಶ್ನೆಗಳು ಉತ್ತರವಿಲ್ಲದೆ ಬಿದ್ದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಓದುವವರಿಗೂ ತಮ್ಮ ಗ್ರಂಥಾಲಯದ ಕೆಲಸ ಇರುತ್ತದೆ. ಡಾಕ್ಟರ ಹತ್ತಿರ ಹೋಗಿ "ನೋವು" ಎಂದು ಸುಮ್ಮನೆ ಕೂತರೆ ಅವರೇನು ಮಾಡಿಯಾರು? ಯಾವ ಆವೃತ್ತಿ, ಯಾವ ಪದ ಹೊಡೆದೆವು, ಏನು ಬರಬೇಕಿತ್ತು, ಏನು ಬಂತು, ನಾವು ಆಗಲೇ ಏನೇನು ಮಾಡಿ ನೋಡಿದ್ದೇವೆ, ಇಷ್ಟನ್ನೂ ಬರೆದೆ. ಎರಡು ಬಗೆಯ ಬರಹವನ್ನೂ ಅಕ್ಕಪಕ್ಕ ಇಟ್ಟೆ. ಕನ್ನಡ ಬಾರದವರಿಗೂ ವ್ಯತ್ಯಾಸ ಕಾಣಲಿ ಎಂದು ಚಿತ್ರವನ್ನೂ ಸೇರಿಸಿದೆ.

ಎರಡು ದಿನದಲ್ಲಿ ಉತ್ತರ ಬಂತು. ಬರೆದವರು ಕೇರಳದ ಗ್ರಂಥಪಾಲಕರೊಬ್ಬರು. ಅವರಿಗೆ ಕನ್ನಡ ಓದಲು ಬಾರದು. ಆದರೆ ಮಲಯಾಳದಲ್ಲಿ ಚಿಲ್ಲು ಎಂಬ ಅರ್ಧಾಕ್ಷರಗಳಿವೆ. ಮೊದಲು ಅವನ್ನೂ ಇಂಥ ಕಾಣದ ಚಿಹ್ನೆ ಸೇರಿಸಿಯೇ ಬರೆಯುತ್ತಿದ್ದರು. 2008ರ ಯೂನಿಕೋಡ್ 5.1ರಲ್ಲಿ ಅವಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿತು. ಹೀಗಾಗಿ ಒಂದೇ ಪದದ ಹಳೆಯ ಬರಹ ಬೇರೆ, ಹೊಸ ಬರಹ ಬೇರೆ. ನಮ್ಮ ಶೇಕ್ಸ್‌ಪಿಯರ್ ಬಿದ್ದ ಗುಂಡಿಯನ್ನು ಅವರು ಎಂದೋ ದಾಟಿದ್ದರು. ಅವರು ಹೇಳಿದ್ದು ಇಷ್ಟು: ಪದಗಳ ಸೂಚಿ ಕಟ್ಟುವ ಭಾಗವನ್ನು ಐಸಿಯು ಕ್ರಮಕ್ಕೆ ಬದಲಿಸಿಕೊಳ್ಳಿ, ಅದರಲ್ಲಿ ಈ ಕಾಣದ ಚಿಹ್ನೆಗಳನ್ನು ಬಿಟ್ಟುಬಿಡು ಎಂದು ಒಂದು ಸಾಲಿನ ನಿಯಮ ಸೇರಿಸಿ, ಆಮೇಲೆ ಸೂಚಿಯನ್ನು ಪೂರ್ತಿ ಹೊಸದಾಗಿ ಕಟ್ಟಿ. ಐಸಿಯು ಎಂದರೆ ಆಸ್ಪತ್ರೆಯದಲ್ಲ ಮಕ್ಕಳೇ, ಜಗತ್ತಿನ ಲಿಪಿಗಳನ್ನು ಸರಿಯಾಗಿ ಬಿಡಿಸುವ ಸಾಧನಗಳ ಗಂಟಿಗೆ ಇಟ್ಟ ಹೆಸರು. ಸಂಜೆ ಹಾಗೆ ಮಾಡಿದೆವು. ಹುಡುಕಿದವಳು ಗದ್ದೆಬಯಲ ಕಡೆಯ ಹುಡುಗಿ. ಪುಸ್ತಕದ ಹೆಸರು ಪರದೆಯ ಮೇಲೆ ಬಂದಾಗ ಅವಳು "ಸಿಕ್ಬಿಟ್ಟ!" ಎಂದು ಕೂಗಿದ್ದು ಆಟದ ಮೈದಾನದವರೆಗೂ ಕೇಳಿಸಿತು.

ಈಗ ಮುಯ್ಯಿ ತೀರಿಸುವ ವಿಷಯ. ನಮ್ಮ ಹತ್ತಿರ ಕೊಡಲು ಏನಿದೆ ಎಂದು ಆ ಮಕ್ಕಳೂ ಕೇಳಿದರು. ಬಹಳ ಇದೆ. ಮೊದಲು, ನಾವು ಕನ್ನಡಕ್ಕೆ ಮಾಡಿಕೊಂಡದ್ದನ್ನು ಹಂತ ಹಂತವಾಗಿ ಬರೆದು ಅಲ್ಲಿಗೇ ಕಳಿಸಿದೆವು, ಮುಂದೆ ಕೇಳುವ ಕನ್ನಡದವರಿಗೆ ಸಿಗಲಿ ಎಂದು. ಎರಡನೆಯದು, ಕೊಹಾದಲ್ಲಿ ಯಾರಾದರೂ ಒಂದು ತಿದ್ದುಪಡಿ ಬರೆದರೆ ಅದು ಹಾಗೆಯೇ ಒಳಗೆ ಹೋಗುವುದಿಲ್ಲ. ಬರೆದವರಲ್ಲದ ಇನ್ನೊಬ್ಬರು ಅದನ್ನು ಪರೀಕ್ಷಿಸಿ ಸರಿಯಿದೆ ಎಂದು ರುಜು ಹಾಕಬೇಕು, ಆಮೇಲೆ ಗುಣಮಟ್ಟ ನೋಡುವ ತಂಡ ನೋಡಬೇಕು. ಪರೀಕ್ಷಿಸಲು ಪ್ರೋಗ್ರಾಮರೇ ಆಗಬೇಕೆಂದಿಲ್ಲ, ಅದಕ್ಕೆಂದೇ ತೆರೆದಿಟ್ಟ ಆಟದ ಅಂಗಳದಂಥ ತಾಣಗಳಿವೆ, ಹೇಳಿದ ಕ್ರಮದಲ್ಲಿ ಒತ್ತಿ ನೋಡಿ ವರದಿ ಬರೆಯಬಹುದು. ಎಷ್ಟೋ ಒಳ್ಳೆಯ ತಿದ್ದುಪಡಿಗಳು ರುಜು ಹಾಕುವವರಿಲ್ಲದೆ ಕಾಯುತ್ತಿರುತ್ತವೆ. ಬೆಂಗಳೂರಿನ ಗೆಳೆಯರೇ, ನಿಮ್ಮ ಒಂದು ಭಾನುವಾರದ ಬೆಳಗ್ಗೆ ಅಲ್ಲಿ ಬಹಳ ಬೆಲೆಬಾಳುತ್ತದೆ.

ಮೂರನೆಯದು ಅನುವಾದ. ಇದರಲ್ಲಿ ಮಕ್ಕಳು ನನ್ನನ್ನು ಸೋಲಿಸಿದರು. ಬೇರೆಯವರು ಓದಲು ಒಯ್ದ ಪುಸ್ತಕದ ಎದುರು "ಚೆಕ್ಡ್ ಔಟ್" ಎಂದು ಬರುತ್ತದೆ. ನಾನು "ಎರವಲು ನೀಡಲಾಗಿದೆ" ಎಂದೆ. ಒಬ್ಬ ಹುಡುಗ, "ಸಾಲ ಕೊಟ್ಟಂಗೆ ಕೇಳ್ಸುತ್ತೆ, ಓದುಗರ ಹತ್ರ ಇದೆ ಅಂತ ಹಾಕಣ" ಎಂದ. ಪುಸ್ತಕ ತಿರುಗಿ ಬಂದಾಗ ನನಗೇ ಕೊಡಿ ಎಂದು ಹೇಳಿಡುವ ಗುಂಡಿಗೆ ನಾನು "ಕಾಯ್ದಿರಿಸು" ಎಂದರೆ ಅವರು "ನನಗಿರಲಿ" ಎಂದರು. ಇಂಥ ಮಾತುಗಳನ್ನು ಸಲಹೆಯಾಗಿ ಕಳಿಸಿದ್ದೇವೆ. ಒಪ್ಪುವುದು ಬಿಡುವುದು ನೋಡುವವರಿಗೆ ಸೇರಿದ್ದು. ನಮ್ಮ ಶಾಲೆಯ ಯಂತ್ರದಲ್ಲಂತೂ "ನನಗಿರಲಿ" ಎಂದೇ ಇದೆ.

ಸಂಘದ ಸಭೆಯಲ್ಲಿ ಹಿರಿಯರೊಬ್ಬರು, "ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರಲ್ಲಮ್ಮ, ದುಡ್ಡು ಕೊಟ್ರೆ ಕೇಳಕ್ಕೆ ಒಬ್ಬ ಇರ್ತಾನೆ" ಎಂದರು. ತಳ್ಳಿಹಾಕುವ ಮಾತಲ್ಲ ಅದು. ಕೊಹಾಕ್ಕೂ ಹಣ ಪಡೆದು ನೆರವು ನೀಡುವ ಸಂಸ್ಥೆಗಳಿವೆ, ದೊಡ್ಡ ಕಾಲೇಜುಗಳು ಹಾಗೆ ಮಾಡುತ್ತವೆ. ಸರ್ಕಾರದ ಎನ್‌ಐಸಿಯವರ ಇ-ಗ್ರಂಥಾಲಯವೂ ಇದೆ, ಅದರಲ್ಲಿ ನೆಮ್ಮದಿಯಾಗಿ ಕೆಲಸ ಮಾಡುವವರೂ ಇದ್ದಾರೆ. ಆದರೆ "ನನಗಿರಲಿ" ಎಂದು ಒಂದು ಗುಂಡಿಯ ಮೇಲೆ ಬರೆಸಬೇಕೆಂದರೆ ಅಲ್ಲಿ ನಾವು ಅರ್ಜಿ ಹಾಕಿ ಕಾಯಬೇಕು. ಇನ್ನು ದುಡ್ಡು ಕೊಟ್ಟರೆ ಕೇಳಲು ಒಬ್ಬ ಇರುತ್ತಾನೆ ಎಂಬುದರಲ್ಲಿ ನನಗೆ ಅಷ್ಟು ನಂಬಿಕೆ ಉಳಿದಿಲ್ಲ. ಸಿಡಿಲು ಬಡಿದ ಮಳೆಗಾಲದಲ್ಲಿ ನಾನು ಮಾಡಿದ ಫೋನುಗಳು ನೆನಪಿವೆ.

ಹಿರಿಯರ ಮಾತಿನಲ್ಲಿ ನಿಜವಾದ ಭಯ ಒಂದಿದೆ. ನಾಲ್ಕು ವರ್ಷದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು? ಮೇಷ್ಟ್ರಿಗೆ ವರ್ಗವಾಗುತ್ತದೆ, ಮಕ್ಕಳು ಹತ್ತು ಮುಗಿಸಿ ಹೋಗುತ್ತಾರೆ, ನಾನು ನಿವೃತ್ತಿಯಾಗುತ್ತೇನೆ. ಆದ್ದರಿಂದ ಸಂಘ ಮತ್ತು ಸಮಿತಿಯ ಮುಂದೆ ನನ್ನ ಬೇಡಿಕೆ ಹೀಗಿದೆ. ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು, ಒಬ್ಬರಲ್ಲ ಇಬ್ಬರು, ಹೆಸರು ಕೊಡಬೇಕು. ಆರು ತಿಂಗಳಿಗೊಮ್ಮೆ ಬಂದು ಆವೃತ್ತಿ ಏರಿಸುವುದು, ಬ್ಯಾಕಪ್ ನಿಜವಾಗಿ ತೆರೆದುಕೊಳ್ಳುತ್ತದೆಯೇ ಎಂದು ಬೇರೆ ಯಂತ್ರದಲ್ಲಿ ಹಾಕಿ ನೋಡುವುದು ಅವರ ಕೆಲಸ. ಪ್ರತಿ ವರ್ಷ ಒಂಬತ್ತನೇ ತರಗತಿಯ ನಾಲ್ವರು ಮಕ್ಕಳು ಕಲಿಯಬೇಕು, ಹತ್ತಕ್ಕೆ ಹೋದಾಗ ಮುಂದಿನ ನಾಲ್ವರಿಗೆ ಕಲಿಸಬೇಕು. ಏನು ಬದಲಿಸಿದರೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಸಹಿತ ಕನ್ನಡದಲ್ಲಿ ಬರೆದಿಡಬೇಕು. ಆ ನೋಟ್‌ಬುಕ್ಕನ್ನು ಈಗಾಗಲೇ ಶುರುಮಾಡಿದ್ದೇವೆ, ಅದರ ಮೊದಲ ಪುಟದಲ್ಲಿ ಶೇಕ್ಸ್‌ಪಿಯರ್ ಕಥೆ ಇದೆ.

ಊರಿನವರಿಗೂ ಕೆಲಸವಿದೆ. ಅಕ್ಸೆಷನ್ ರಿಜಿಸ್ಟರಿನಲ್ಲಿ ಇದ್ದು ಬೀರುವಿನಲ್ಲಿ ಇಲ್ಲದ ಪುಸ್ತಕಗಳ ಪಟ್ಟಿಯೊಂದು ತಯಾರಾಗುತ್ತಿದೆ. ಅದರಲ್ಲಿ ಕೆಲವು ಈ ಸಭೆಯಲ್ಲಿ ಕೂತವರ ಮನೆಯ ಅಟ್ಟದ ಮೇಲೆ ಇರಬಹುದು. ದಂಡವಿಲ್ಲ, ಹೆಸರು ಕೇಳುವುದಿಲ್ಲ, ಕಚೇರಿಯ ಜಗಲಿಯ ಮೇಲೆ ಇಟ್ಟು ಹೋದರೂ ಸಾಕು.

ಉಳಿದ ಎರಡು ಬೀರುಗಳ ಕೀಲಿಯನ್ನು ಮುಖ್ಯೋಪಾಧ್ಯಾಯರು ಬರುವ ಶನಿವಾರ ಮಧ್ಯಾಹ್ನ ಕೊಡುವುದಾಗಿ ಹೇಳಿದ್ದಾರೆ. ಒಂದರ ಬಾಗಿಲು ತುಕ್ಕು ಹಿಡಿದಿದೆ, ಎಣ್ಣೆ ತರಬೇಕು. ಬರುವವರು ಹಳೆಯ ಬಟ್ಟೆ ಉಟ್ಟು ಬನ್ನಿ, ಧೂಳು ಬಹಳ. ಮಧ್ಯಾಹ್ನದ ಊಟ ನನ್ನದು.